22 ಆನೆ ಹಿಡಿದ ಮೇಲೆ: ಆಲೂರು–ಸಕಲೇಶಪುರದ ಒಂದು ಪ್ರಕರಣ

2013–14ರಲ್ಲಿ ಹಾಸನ ಜಿಲ್ಲೆಯ ಆಲೂರು ಭಾಗದಿಂದ 22 ಕಾಡಾನೆಗಳನ್ನು ಹಿಡಿದು ಸಾಗಿಸಿದರು. ಹಿಡಿದದ್ದು ಒಂದೆರಡು ಪುಂಡಾನೆಗಳನ್ನಲ್ಲ, ಆ ಭಾಗದಲ್ಲಿ ನೆಲೆ ನಿಂತಿದ್ದ ಆನೆಗಳನ್ನೇ ಒಟ್ಟಾಗಿ. ಲೆಕ್ಕಾಚಾರ ಸರಳವಾಗಿತ್ತು. ಆನೆ ಇದ್ದರೆ ತಾನೆ ಗೋಳು? ಆನೆಯನ್ನೇ ತೆಗೆದುಬಿಟ್ಟರೆ ಗೋಳೂ ಹೋಯಿತು. ಊರಿನ ಜನ ಉಸಿರು ಬಿಟ್ಟರು. ಬಿಡದೆ ಇರುತ್ತಾರಾ? ವರ್ಷಗಟ್ಟಲೆ ಕತ್ತಲಾಗುವ ಮುಂಚೆ ಮನೆ ಸೇರಿಕೊಂಡು ಬದುಕಿದವರು ಅವರು.

ಆದರೆ ಖಾಲಿಯಾದ ಜಾಗ ಖಾಲಿಯಾಗಿ ಉಳಿಯಲಿಲ್ಲ. ಕೆಲವೇ ವರ್ಷಗಳಲ್ಲಿ ಅಕ್ಕಪಕ್ಕದಿಂದ ಬೇರೆ ಆನೆಗಳು ಬಂದು ಸೇರಿಕೊಂಡವು. ಈಗ ಆಲೂರು, ಸಕಲೇಶಪುರ, ಬೇಲೂರು ತಾಲ್ಲೂಕುಗಳಲ್ಲಿ ಎಷ್ಟು ಆನೆ ಇವೆ ಎಂದು ಕೇಳಿದರೆ ಅರವತ್ತು, ಎಪ್ಪತ್ತು ಎನ್ನುತ್ತಾರೆ. ಹಿಡಿದರೂ ಯಾಕೆ ಹೀಗಾಯಿತು, ಆಮೇಲೆ ಸಂಶೋಧಕರೂ ಅರಣ್ಯ ಇಲಾಖೆಯೂ ಏನು ಬದಲಾಯಿಸಿಕೊಂಡರು, ಅದರಿಂದ ಯಾವುದು ಸರಿಹೋಯಿತು, ಯಾವುದು ಹೋಗಲಿಲ್ಲ? ಈ ಬರಹದಲ್ಲಿ ನೋಡುವುದು ಇದನ್ನೇ.

ಗೆರೆ ಇಲ್ಲದ ಜಾಗ

ಹೊರಗಿನವರು ಕೇಳುವ ಮೊದಲ ಪ್ರಶ್ನೆ ಒಂದೇ. ಆನೆಗಳು ಕಾಡು ಬಿಟ್ಟು ತೋಟಕ್ಕೆ ಯಾಕೆ ಬರುತ್ತವೆ? ಈ ಪ್ರಶ್ನೆ ಬಂಡೀಪುರಕ್ಕೋ ನಾಗರಹೊಳೆಗೋ ಸರಿ. ಅಲ್ಲಿ ಕಾಡು ಒಂದು ಕಡೆ, ಹೊಲ ಇನ್ನೊಂದು ಕಡೆ. ರಾತ್ರಿ ಆನೆ ಗೆರೆ ದಾಟುತ್ತದೆ, ಬೆಳಗಾಗುವುದರೊಳಗೆ ವಾಪಸ್ ಹೋಗುತ್ತದೆ. ಆಲೂರು, ಸಕಲೇಶಪುರದ ಕಡೆ ಅಂಥ ಗೆರೆಯೇ ಇಲ್ಲ. ಇಲ್ಲಿ ಆನೆ ಹಗಲು ಮಲಗುವುದೂ ಕಾಫಿ ತೋಟದಲ್ಲೇ, ಮರಿ ಹಾಕುವುದೂ ಅಲ್ಲೇ.

ಭೂಪಟ ಬಿಡಿಸಿ ನೋಡಿ. ಪಶ್ಚಿಮಕ್ಕೆ ಬಿಸಿಲೆ, ಕೆಂಪುಹೊಳೆಯ ಘಟ್ಟದ ಕಾಡು. ದಕ್ಷಿಣಕ್ಕೆ ಕೊಡಗು, ಪುಷ್ಪಗಿರಿ ವನ್ಯಧಾಮ. ಪೂರ್ವಕ್ಕೆ ಹೇಮಾವತಿ ಹಿನ್ನೀರು. ನಡುವೆ ಮೈಲಿಗಟ್ಟಲೆ ಕಾಫಿ ತೋಟ, ತೋಟಗಳ ಸಂದಿಯಲ್ಲಿ ಗದ್ದೆ, ಅಲ್ಲೊಂದು ಇಲ್ಲೊಂದು ತುಂಡು ಕಾಡು. ಘಟ್ಟದ ಕಾಡು ನೋಡೋಕೆ ದಟ್ಟ, ಆದರೆ ಕಡಿದಾದ ಇಳಿಜಾರು, ದಿನವಿಡೀ ನೆರಳು. ಆನೆಗೆ ಬೇಕಾದ ಹುಲ್ಲು ಅಲ್ಲಿ ಕಮ್ಮಿ. ದೊಡ್ಡಾನೆಗೆ ದಿನಕ್ಕೆ ಸುಮಾರು 150 ಕೆ.ಜಿ. ಮೇವು, ನೂರು ಲೀಟರ್‌ಗಿಂತ ಜಾಸ್ತಿ ನೀರು ಬೇಕು. ತೋಟದಲ್ಲಿ ನೆರಳಿದೆ, ಸ್ಪ್ರಿಂಕ್ಲರ್‌ಗೆಂದು ತೋಡಿದ ಕೆರೆ ಇದೆ, ತಾಳೆ ಜಾತಿಯ ಬಗನಿ ಮರ ಇದೆ, ಬಾಳೆ ಇದೆ. ಏಪ್ರಿಲ್ ದಾಟಿದರೆ ಹಲಸು. ಬೇಸಿಗೆಯಲ್ಲಿ ಹಿನ್ನೀರು ಇಳಿದ ಕಡೆ ಹಸಿರು ಹುಲ್ಲು ಏಳುತ್ತದೆ. ನವೆಂಬರ್ ಬಂದರೆ ಗದ್ದೆಯಲ್ಲಿ ಹಾಲುಗಟ್ಟಿದ ಭತ್ತ. ಇಷ್ಟೆಲ್ಲ ಇರುವಾಗ ಅದು ಘಟ್ಟ ಹತ್ತಿ ಯಾಕೆ ಹೋಗಬೇಕು?

ಈ ಊರುಗಳ ಕಥೆಯಲ್ಲಿ ಹೇಮಾವತಿಯದ್ದೂ ಒಂದು ಪಾಲಿದೆ. ಗೊರೂರು ಅಣೆಕಟ್ಟು ಮುಗಿದದ್ದು 1979ರಲ್ಲಿ. ನೀರು ನಿಂತು ಹಳ್ಳಿ, ಗದ್ದೆ ಮುಳುಗಿದವು. ಮುಳುಗಡೆಯವರಿಗೆ ಸಿಕ್ಕ ಜಮೀನು ಎಷ್ಟೋ ಕಡೆ ಕಾಡಂಚಿನದು, ಇಲ್ಲವೇ ಕಾಡೇ. ಆನೆಯ ದಾರಿಗೆ ಮನುಷ್ಯ ಬಂದ, ಮನುಷ್ಯನ ಗದ್ದೆಗೆ ಆನೆ ಬಂತು. ಯಾರು ಮೊದಲು ಎಂದು ಜಗಳಕ್ಕೆ ನಿಂತರೆ ಇಬ್ಬರಿಗೂ ದಾಖಲೆ ಸಿಗುತ್ತದೆ.

ಕೋರ್ಟು, ಕಾರ್ಯಪಡೆ, ಲಾರಿ

ರಾಜ್ಯದ ಆನೆ ಸಮಸ್ಯೆ ಹೈಕೋರ್ಟ್ ಮೆಟ್ಟಿಲೇರಿದಾಗ ಕೋರ್ಟು ಒಂದು ಆನೆ ಕಾರ್ಯಪಡೆ ರಚಿಸಿತು. ಅಧ್ಯಕ್ಷರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ರಾಮನ್ ಸುಕುಮಾರ್. ಏಷ್ಯಾದ ಆನೆಗಳ ಬಗ್ಗೆ ದಶಕಗಟ್ಟಲೆ ಕೆಲಸ ಮಾಡಿದವರು. 2012ರ ಸೆಪ್ಟೆಂಬರ್‌ನಲ್ಲಿ ವರದಿ ಬಂತು. ಅದರ ತಿರುಳು ಇಷ್ಟು: ಆನೆ ಇರುವ ಜಾಗವನ್ನೆಲ್ಲ ಒಂದೇ ಕಣ್ಣಲ್ಲಿ ನೋಡಬೇಡಿ, ಮೂರು ಭಾಗ ಮಾಡಿ. ಆನೆಗೇ ಮೊದಲ ಹಕ್ಕಿರುವ ಸಂರಕ್ಷಣಾ ವಲಯ. ಆನೆ, ಜನ ಇಬ್ಬರೂ ಹೇಗೋ ಹೊಂದಿಕೊಂಡು ಹೋಗಬೇಕಾದ ಸಹಬಾಳ್ವೆ ವಲಯ. ಇನ್ನು ಆನೆಗೂ ಭವಿಷ್ಯ ಇಲ್ಲ, ಜನರಿಗೂ ನೆಮ್ಮದಿ ಇಲ್ಲ ಎನ್ನುವಂಥ ಕಡೆ ಆನೆಯನ್ನು ತೆಗೆಯುವ ವಲಯ. ಆಲೂರು ಮೂರನೆಯದಕ್ಕೆ ಬಿತ್ತು.

ಆ ಶಿಫಾರಸು ಸುಮ್ನೆ ಬಂದದ್ದಲ್ಲ. ತುಂಡು ಕಾಡು, ಸುತ್ತ ಊರು, ಜನರೂ ಸಾಯುತ್ತಿದ್ದರು, ಆನೆಗಳೂ ಸಾಯುತ್ತಿದ್ದವು. ಕಾಗದದ ಮೇಲೆ ತರ್ಕ ಗಟ್ಟಿಯಾಗಿಯೇ ಇತ್ತು.

ಹಿಡಿಯುವ ಕೆಲಸ ನೋಡಿದವರಿಗೆ ಗೊತ್ತು, ಅದು ಟಿವಿಯಲ್ಲಿ ಕಾಣುವಷ್ಟು ಸಲೀಸಲ್ಲ. ಶಿಬಿರಗಳಿಂದ ಸಾಕಾನೆಗಳು ಬರಬೇಕು. ಯಾವ ಆನೆ ಎಲ್ಲಿದೆ ಎಂದು ಮೊದಲೇ ಪತ್ತೆ ಮಾಡಿರಬೇಕು. ಅರಿವಳಿಕೆ ಮದ್ದಿನ ಸಿರಿಂಜನ್ನು ಬಂದೂಕಿನಿಂದ ಹೊಡೆದ ಮೇಲೆ ಆನೆ ಮಂಪರಾಗುವವರೆಗೆ ಹಿಂದೆಯೇ ಓಡಬೇಕು. ಕೆರೆಗೆ ಇಳಿದರೆ ಮುಳುಗುತ್ತದೆ, ಇಳಿಜಾರಿಗೆ ಬಿದ್ದರೆ ಕಾಲು ಮುರಿಯುತ್ತದೆ. ಎದೆ ಒತ್ತಿ ಮಲಗಿದರೆ ಉಸಿರು ಕಟ್ಟುತ್ತದೆ. ಹಗ್ಗ ಬಿಗಿದು, ಸಾಕಾನೆಗಳಿಂದ ನೂಕಿಸಿ, ಕ್ರೇನ್ ತರಿಸಿ ಲಾರಿ ಹತ್ತಿಸುವಷ್ಟರಲ್ಲಿ ಹಗಲು ಮುಗಿದಿರುತ್ತದೆ. ಇದು ಒಂದು ಆನೆಗೆ. ಅಂಥ 22 ಆನೆ ಹಿಡಿದರು ಎಂದರೆ ಸಿಬ್ಬಂದಿಗೆ ಕೈಮುಗಿಯಬೇಕು. ಅವರ ಕೆಲಸದಲ್ಲಿ ಕೊರತೆ ಇರಲಿಲ್ಲ. ಎಡವಿದ್ದು ಲೆಕ್ಕಾಚಾರದಲ್ಲಿ.

ಹಿಡಿದದ್ದು ಆನೆಗಳನ್ನು. ನೀರು, ಹಲಸು, ಬಗನಿ, ಭತ್ತ, ಹಗಲು ಅಡಗಿ ನಿಲ್ಲುವ ನೆರಳು, ಕೊಡಗಿನಿಂದ ಘಟ್ಟದ ಕಡೆಗೆ ಓಡಾಡುವ ಹಾದಿ ಎಲ್ಲ ಇದ್ದಲ್ಲೇ ಇದ್ದವು. ಬಾಡಿಗೆದಾರರನ್ನು ಬಿಡಿಸಿ ಬಾಗಿಲು ತೆರೆದಿಟ್ಟು ಬಂದ ಮನೆಯ ಹಾಗೆ ಆಯಿತು. ಪಕ್ಕದ ಆನೆಗಳಿಗೆ ಅಷ್ಟು ಸಾಕು.

ಸಾಗಿಸಿದ ಆನೆಗಳು ಹೋದ ಕಡೆ ಏನು ಮಾಡುತ್ತವೆ ಎನ್ನುವುದಕ್ಕೆ ಶ್ರೀಲಂಕಾದಲ್ಲಿ ಒಳ್ಳೆಯ ಅಧ್ಯಯನ ನಡೆದಿದೆ. ಪ್ರಕಟವಾದದ್ದು 2012ರಲ್ಲಿ, ನಮ್ಮ ಕಾರ್ಯಪಡೆಯ ವರದಿ ಬಂದ ವರ್ಷವೇ. 12 ಗಂಡಾನೆಗಳಿಗೆ ಜಿಪಿಎಸ್ ಕಾಲರ್ ಕಟ್ಟಿ ಬೇರೆ ಕಾಡಿಗೆ ಬಿಟ್ಟು ಹಿಂಬಾಲಿಸಿದರು. ಕೆಲವು ಹಿಡಿದ ಜಾಗಕ್ಕೇ ದಾರಿ ಹುಡುಕಿ ಬಂದವು. ಕೆಲವು ಎಲ್ಲೂ ನಿಲ್ಲದೆ ಅಲೆದವು. ಕೆಲವು ಮಾತ್ರ ಬಿಟ್ಟ ಜಾಗದ ಹತ್ತಿರ ನೆಲೆ ನಿಂತವು. ಬಿಟ್ಟದ್ದು ಅಭಯಾರಣ್ಯದಲ್ಲಿ, ಆದರೂ ಅವು ಮತ್ತೆ ಊರ ದಾರಿಯನ್ನೇ ಹಿಡಿದವು. ಒಟ್ಟಿನಲ್ಲಿ ಗೋಳು ಕಮ್ಮಿಯಾಗಲಿಲ್ಲ, ವಿಳಾಸ ಬದಲಾಯಿತು, ಆನೆಗಳ ಸಾವೂ ಜಾಸ್ತಿಯಾಯಿತು. ಹಾಸನದಲ್ಲಿ 'ಎಲ್ಲಾ ಆನೆ ಹಿಡೀರಿ' ಎಂದು ಧರಣಿ ಕೂರುವಾಗೆಲ್ಲ ನನಗೆ ಈ ಅಧ್ಯಯನ ನೆನಪಾಗುತ್ತದೆ. ಧರಣಿ ಕೂತವರ ಸಿಟ್ಟು ನ್ಯಾಯವಾದದ್ದೇ, ಬೇಡಿಕೆ ಮಾತ್ರ ಅವರಿಗೇ ಉಪಯೋಗಕ್ಕೆ ಬರುವುದಿಲ್ಲ.

ಯಾವ ಆನೆ, ಎಲ್ಲಿದೆ?

ಆನೆಗಳು ಮತ್ತೆ ಬಂದ ಮೇಲೆ ಪ್ರಶ್ನೆಯೇ ಬದಲಾಯಿತು. ಹೇಗೆ ಕಳಿಸುವುದು ಎನ್ನುವುದರ ಬದಲು, ಇರುವಷ್ಟು ದಿನ ಯಾರೂ ಸಾಯದ ಹಾಗೆ ನೋಡಿಕೊಳ್ಳುವುದು ಹೇಗೆ ಎಂದು ಕೇಳತೊಡಗಿದರು. ಇದಕ್ಕೊಂದು ಮಾದರಿ ತಮಿಳುನಾಡಿನ ವಾಲ್ಪಾರೈನಲ್ಲಿ ಆಗಲೇ ಇತ್ತು. ಆನೈಮಲೆಯ ಟೀ ತೋಟಗಳ ನಡುವೆ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಸ್ಥೆಯವರು ಆನೆಯಿಂದಾದ ಒಂದೊಂದು ಸಾವನ್ನೂ ಬಿಡಿಸಿ ನೋಡಿದ್ದರು. ಎಲ್ಲಿ, ಎಷ್ಟು ಹೊತ್ತಿಗೆ, ಆ ಮನುಷ್ಯ ಏನು ಮಾಡುತ್ತಿದ್ದ? ಹೆಚ್ಚಿನ ಸಾವುಗಳಲ್ಲಿ ಕಂಡದ್ದು ಒಂದೇ ಮಾತು: ಆನೆ ಅಲ್ಲಿದೆ ಎಂದು ಸತ್ತವರಿಗೆ ಗೊತ್ತೇ ಇರಲಿಲ್ಲ. ಕತ್ತಲ ತಿರುವಿನಲ್ಲಿ, ಮನೆಗೆ ನಡೆದು ಹೋಗುವಾಗ, ನೇರ ಎದುರಿಗೆ ಸಿಕ್ಕವರು.

ಇದನ್ನು ಓದಿದರೆ ಎಷ್ಟು ಸಾಮಾನ್ಯ ಮಾತು ಅನ್ನಿಸುತ್ತದೆ, ಅಲ್ವಾ? ಆದರೆ ಅದರಿಂದ ಕೆಲಸದ ದಿಕ್ಕೇ ಬದಲಾಯಿತು. ಆನೆಗೆ ಬೇಲಿ ಹಾಕುವುದಕ್ಕಿಂತ ಮನುಷ್ಯನಿಗೆ ಸುದ್ದಿ ಮುಟ್ಟಿಸುವುದು ಅಗ್ಗ, ಬೇಗ. ವಾಲ್ಪಾರೈನಲ್ಲಿ ಮೊಬೈಲ್ ಮೆಸೇಜ್, ಲೋಕಲ್ ಕೇಬಲ್ ಟಿವಿ, ರಸ್ತೆ ಪಕ್ಕದ ಕೆಂಪು ದೀಪ ಬಂದವು. ಈ ಕೆಲಸಕ್ಕಾಗಿ ಸಂಸ್ಥೆಯ ಎಂ. ಆನಂದ ಕುಮಾರ್ ಅವರಿಗೆ 2015ರಲ್ಲಿ ವನ್ಯಜೀವಿ ಸಂರಕ್ಷಣೆಗೆ ಬ್ರಿಟನ್ನಿನಲ್ಲಿ ಕೊಡುವ ವಿಟ್ಲಿ ಪ್ರಶಸ್ತಿ ಬಂತು. ಅದೇ ತಂಡ ಅರಣ್ಯ ಇಲಾಖೆಯ ಜೊತೆ ಸೇರಿ ಹಾಸನದಲ್ಲೂ ಕೆಲಸ ಹಿಡಿಯಿತು.

ಸುದ್ದಿ ಮುಟ್ಟಿಸಬೇಕಾದರೆ ಮೊದಲು ಯಾವ ಆನೆ ಎಂದು ಗುರುತು ಸಿಗಬೇಕು. ದೂರದಿಂದ ನೋಡಿದವರಿಗೆ ಎಲ್ಲಾ ಆನೆಯೂ ಒಂದೇ. ದಿನಾ ನೋಡುವವರು ಮೊದಲು ನೋಡುವುದು ಕಿವಿ. ಮೇಲಿನ ಅಂಚು ಎಷ್ಟು ಮಡಚಿಕೊಂಡಿದೆ, ಕೆಳಗಿನ ಅಂಚಿನಲ್ಲಿ ಹರಿದ ಗುರುತು ಎಲ್ಲಿದೆ, ತೂತಿದೆಯಾ. ಆಮೇಲೆ ದಂತ: ನೇರವಾ, ಒಳಕ್ಕೆ ಬಾಗಿದೆಯಾ, ಎಡ ಬಲದಲ್ಲಿ ಯಾವುದು ಗಿಡ್ಡ. ದಂತವೇ ಇಲ್ಲದ ಗಂಡಾದರೆ ಮಕನಾ. ಬಾಲದ ತುದಿಯ ಕೂದಲು, ಬೆನ್ನಿನ ಏರಿಳಿತ, ಹಳೆಯ ಗಾಯದ ಗಂಟು. ಫೋಟೊ ತೆಗೆದು ಇವನ್ನೆಲ್ಲ ಬರೆದಿಟ್ಟರೆ ಒಂದೊಂದು ಆನೆಗೂ ಒಂದು ಕಡತ ತಯಾರಾಗುತ್ತದೆ. ಕಡತದ ಜೊತೆಗೆ ಹೆಸರೂ ಬಂತು. ಭೀಮ, ಕ್ಯಾಪ್ಟನ್, ಕರಡಿ, ಬೀಟಮ್ಮ, ಭುವನೇಶ್ವರಿ. ಇವತ್ತು ಸಕಲೇಶಪುರದ ಚಹಾ ಅಂಗಡಿಯಲ್ಲಿ 'ಆನೆ ಬಂದಿದೆ' ಎಂದು ಯಾರೂ ಹೇಳುವುದಿಲ್ಲ. 'ಭೀಮ ಬಂದಿದಾನೆ' ಎನ್ನುತ್ತಾರೆ.

ಹೆಸರು ಇಟ್ಟದ್ದು ಬರೀ ಅಕ್ಕರೆಗಲ್ಲ. ಭೀಮ ಎಂದರೆ ಎಷ್ಟು ದೂರ ನಿಲ್ಲಬೇಕು ಎಂದು ಜನರಿಗೆ ಗೊತ್ತು. ಬೀಟಮ್ಮನ ಗುಂಪು ಎಂದರೆ ಮರಿಗಳಿವೆ, ದೊಡ್ಡ ಗುಂಪು, ಗದ್ದೆಗೆ ಇಳಿದರೆ ಒಂದೇ ರಾತ್ರಿಗೆ ಬರಿದು ಎಂದು ಗೊತ್ತು. ಗಂಡಾನೆಗೆ ಮದ ಬಂದಿದೆಯಾ ಎನ್ನುವುದೂ ಸುದ್ದಿಯ ಭಾಗವಾಗುತ್ತದೆ. ಕಣ್ಣು ಕಿವಿಯ ನಡುವೆ ಎಣ್ಣೆಯಂತೆ ಸೋರುತ್ತಿದ್ದರೆ ಆ ಕಡೆ ತಲೆಯನ್ನೂ ಹಾಕಬಾರದು.

ಗುಂಪುಗಳಿಗೆ ರೇಡಿಯೊ ಕಾಲರ್ ಹಾಕಿದರು. ನಮ್ಮ ಕಡೆಯವರ ಬಾಯಲ್ಲಿ ಅದು 'ಬೆಲ್ಟ್'. ಸಾಮಾನ್ಯವಾಗಿ ಗುಂಪಿನ ದೊಡ್ಡ ಹೆಣ್ಣಾನೆಗೆ ಹಾಕುತ್ತಾರೆ. ಗುಂಪು ಅವಳ ಜೊತೆಗೇ ಇರುವುದರಿಂದ ಒಂದು ಬೆಲ್ಟಿನಿಂದ ಇಡೀ ಗುಂಪಿನ ಜಾಡು ಸಿಗುತ್ತದೆ. ಬೆಳೆಯುತ್ತಿರುವ ಗಂಡಿಗೆ ಹಾಕುವುದು ಕಷ್ಟ. ಕತ್ತು ದಪ್ಪವಾದರೆ ಬೆಲ್ಟ್ ಬಿಗಿಯುತ್ತದೆ. ಕತ್ತಿನ ಮೇಲ್ಗಡೆ ಜಿಪಿಎಸ್ ಪೆಟ್ಟಿಗೆ, ಅದು ಜಾರದ ಹಾಗೆ ಕೆಳಗೆ ತೂಕದ ಗುಂಡು. ಬೆಲ್ಟ್ ಹೊತ್ತು ಹೊತ್ತಿಗೆ ಜಾಗ ತಿಳಿಸುತ್ತದೆ. ಬ್ಯಾಟರಿ ಮುಗಿದರೆ ಮತ್ತೆ ಅದೇ ಸಿರಿಂಜು, ಅದೇ ಓಟ.

ಬೆಲ್ಟಿನಿಂದ ಇನ್ನೊಂದು ವಿಷಯ ಖಚಿತವಾಯಿತು. ಗುಂಪುಗಳು ತಾಲ್ಲೂಕಿನ ಗಡಿ ನೋಡುವುದಿಲ್ಲ. ಆಲೂರಿನ ಸಮಸ್ಯೆ ಎಂದು ಬರೆದಿಟ್ಟದ್ದು ಬೇಲೂರಿನ ಬಿಕ್ಕೋಡು, ಅರೇಹಳ್ಳಿಯ ಸಮಸ್ಯೆಯೂ ಆಯಿತು. 2024ರ ಆರಂಭದಲ್ಲಿ ಬೀಟಮ್ಮನ ಗುಂಪು ಚಿಕ್ಕಮಗಳೂರು ನಗರದ ಅಂಚಿನವರೆಗೂ ಹೋಗಿತ್ತು. ಒಂದು ತಾಲ್ಲೂಕಿನಿಂದ ಆನೆ ತೆಗೆಯುವ ಯೋಚನೆ ಯಾಕೆ ಫಲಿಸಲಿಲ್ಲ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಬೆಳಗಿನ ಸುದ್ದಿ

ದಿನದ ಕೆಲಸ ಹೀಗೆ ಸಾಗುತ್ತದೆ. ಬೆಳಕು ಹರಿಯುವ ಹೊತ್ತಿಗೆ ಇಲಾಖೆಯ ಹುಡುಗರು ಜಾಡು ಹಿಡಿದು ಹೊರಡುತ್ತಾರೆ. ಬಹುಪಾಲು ದಿನಗೂಲಿಯವರು, ಅಕ್ಕಪಕ್ಕದ ಊರಿನವರೇ. ಬೆಲ್ಟ್ ಇರುವ ಗುಂಪಿನ ಜಾಗ ಫೋನಿನಲ್ಲಿ ಸಿಗುತ್ತದೆ. ಬೆಲ್ಟ್ ಇಲ್ಲದ ಸಲಗನನ್ನು ನಡೆದೇ ಹುಡುಕಬೇಕು. ರಾತ್ರಿ ಯಾರ ಗದ್ದೆಗೆ ಇಳಿದಿತ್ತು, ಲದ್ದಿ ಇನ್ನೂ ಬಿಸಿ ಇದೆಯಾ, ಬಗನಿ ಯಾವ ಕಡೆಗೆ ಬಿದ್ದಿದೆ. ಕಂಡ ಮೇಲೆ ಜಾಗ, ಸಂಖ್ಯೆ, ಹೋಗುವ ದಿಕ್ಕು ವಾಟ್ಸಾಪ್ ಗ್ರೂಪಿಗೆ ಬೀಳುತ್ತದೆ. ಅಲ್ಲಿಂದ ನೋಂದಾಯಿಸಿಕೊಂಡವರ ಮೊಬೈಲಿಗೆ ಕನ್ನಡದಲ್ಲಿ ಮೆಸೇಜ್, ಕೆಲವರಿಗೆ ಧ್ವನಿ ಕರೆ. ಮುಖ್ಯ ರಸ್ತೆಯಲ್ಲಿ ಡಿಜಿಟಲ್ ಬೋರ್ಡ್, ಕೂಡುರಸ್ತೆಗಳಲ್ಲಿ ಎಚ್ಚರಿಕೆ ದೀಪ. ಊರ ಹೆಸರು, ಯಾವ ತೋಟದ ಹಿಂದೆ, ಎಷ್ಟು ಆನೆ, ಕೆಲಸಕ್ಕೆ ಇಳಿಯಬೇಡಿ. ಮೆಸೇಜಿನಲ್ಲಿ ಇಷ್ಟೇ ಇರುತ್ತದೆ, ಇಷ್ಟೇ ಸಾಕು.

ಅದರ ಬೆಲೆ ಗೊತ್ತಾಗುವುದು ಕೊಯ್ಲಿನ ಕಾಲದಲ್ಲಿ. ಡಿಸೆಂಬರ್, ಜನವರಿಯಲ್ಲಿ ಹಣ್ಣು ಕೊಯ್ಯಲು ಆಳುಗಳು ಬುಟ್ಟಿ ಹಿಡಿದು ಸಾಲಿಗೆ ಇಳಿಯುತ್ತಾರೆ. ರೋಬಸ್ಟಾ ಗಿಡದ ಸಾಲಿನಲ್ಲಿ ನಾಲ್ಕು ಮಾರು ದೂರದಲ್ಲಿ ಆನೆ ನಿಂತಿದ್ದರೂ ಕಾಣುವುದಿಲ್ಲ. ಸಪ್ಪಳವೂ ಇರುವುದಿಲ್ಲ. ಕಿವಿ ಬೀಸುವ ಸದ್ದು ಕೇಳಿತು ಎಂದರೆ ತಡವಾಯಿತು ಎಂದೇ ಅರ್ಥ. ಹಿಂದೆ ತೋಟದ ರೈಟರು, ಅಂದರೆ ಆಳುಗಳ ಮೇಲ್ವಿಚಾರಕರು, ಬೆಳಿಗ್ಗೆ ಅಂದಾಜಿನ ಮೇಲೆ ಆಳು ಇಳಿಸುತ್ತಿದ್ದರು. ಈಗ ಮೆಸೇಜ್ ನೋಡಿ ಬ್ಲಾಕ್ ಬದಲಾಯಿಸುತ್ತಾರೆ. ಈ ಕಡೆ ಆನೆ ಇದೆಯಾ, ಸರಿ, ಇವತ್ತು ರಸ್ತೆ ಆಚೆ ಕೊಯ್ಯೋಣ.

ಕೊರತೆ ಇಲ್ಲ ಎಂದಲ್ಲ. ನೆಟ್‌ವರ್ಕ್ ಇಲ್ಲದ ಕಣಿವೆಗಳಿವೆ. ಮೆಸೇಜ್ ಬಂದಾಗ ಫೋನು ಆಳುಗಳ ಲೈನ್ ಮನೆಯಲ್ಲಿ ಚಾರ್ಜಿಗೆ ಇರುತ್ತದೆ. ನನಗೆ ಹೆಚ್ಚು ಚಿಂತೆ ಹೊರರಾಜ್ಯದ ಕೆಲಸಗಾರರದ್ದು. ಕಾಫಿ ತೋಟಗಳಲ್ಲಿ ಈಗ ಅಸ್ಸಾಂ ಕಡೆಯಿಂದ ಬಂದವರು ಬಹಳ. ಅವರಿಗೆ ಕನ್ನಡದ ಮೆಸೇಜ್ ಓದಲು ಬರುವುದಿಲ್ಲ. ಭೀಮ ಯಾರು, ಯಾವ ಹಾದಿಯಲ್ಲಿ ಬರುತ್ತಾನೆ ಎನ್ನುವುದು ತಿಳಿದಿಲ್ಲ. ಸಂಜೆ ಅಂಗಡಿಗೆ ನಡೆದು ಹೋಗುವವರು ಅವರೇ. ರೈಟರು ಬಾಯಿಬಿಟ್ಟು ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಹಿಂದಿಯಲ್ಲಿ, ಅಸ್ಸಾಮಿಯಲ್ಲಿ ಧ್ವನಿ ಕರೆ ಹೋಗುವಂತೆ ಮಾಡಲು ಎಷ್ಟು ದುಡ್ಡು ಬೇಕು? ಕಾಂಪೌಂಡಿಗೆ ಸುರಿಯುವ ದುಡ್ಡಿನ ಮುಂದೆ ಅದು ಏನೂ ಅಲ್ಲ.

ಭತ್ತದ ಲೆಕ್ಕ ಬೇರೆ

ಸುದ್ದಿ ಜೀವ ಉಳಿಸುತ್ತದೆ, ಗದ್ದೆ ಉಳಿಸುವುದಿಲ್ಲ. ಆನೆ ಎಲ್ಲಿದೆ ಎಂದು ಗೊತ್ತಾದ ಮಾತ್ರಕ್ಕೆ ಅದು ಭತ್ತ ತಿನ್ನುವುದನ್ನು ಬಿಡುತ್ತದಾ? ಸಣ್ಣ ಹಿಡುವಳಿದಾರರ ಸಿಟ್ಟು ಇರುವುದು ಇಲ್ಲೇ. ದೊಡ್ಡ ತೋಟದವರಿಗೆ ನೂರು ಗಿಡ ಮುರಿದರೆ, ಪೈಪು ಒಡೆದರೆ ನಷ್ಟ. ಒಂದೂವರೆ ಎಕರೆ ಗದ್ದೆಯವನಿಗೆ ಒಂದು ರಾತ್ರಿಯಲ್ಲಿ ವರ್ಷದ ಅಕ್ಕಿ ಹೋಗುತ್ತದೆ. ಪರಿಹಾರಕ್ಕೆ ಅರ್ಜಿ, ಫೋಟೊ, ಪಹಣಿ. ಪಹಣಿ ಅಜ್ಜನ ಹೆಸರಿನಲ್ಲಿದ್ದರೆ ಅದೇ ಒಂದು ಕಥೆ. ಎಷ್ಟೋ ಊರುಗಳಲ್ಲಿ ಭತ್ತ ಬೆಳೆಯುವುದನ್ನೇ ಬಿಟ್ಟು ಗದ್ದೆ ಪಾಳು ಬಿದ್ದಿದೆ.

ತಡೆಗೋಡೆಗಳ ಕಥೆಯೂ ಅಷ್ಟಕ್ಕಷ್ಟೆ. ಮಲೆನಾಡಿನ ಮಳೆಗೆ ಕಂದಕದ ಅಂಚು ಕುಸಿಯುತ್ತದೆ, ಆನೆ ಅಲ್ಲೇ ಇಳಿದು ಹತ್ತುತ್ತದೆ. ಸೋಲಾರ್ ಬೇಲಿ ಮೇಲೆ ಮರ ಕೆಡವಿ ದಾಟುವುದನ್ನು ಅವು ಕಲಿತಿವೆ. ಬೇಲಿಗೆ ಬಳ್ಳಿ ಹಬ್ಬಿದರೆ ಕರೆಂಟೇ ಇರುವುದಿಲ್ಲ. ರೈಲ್ವೆ ಕಂಬಿಯ ಬೇಲಿ ಗಟ್ಟಿ, ಆದರೆ ತೋಟವೇ ಆನೆಯ ಮನೆ ಆಗಿರುವ ಕಡೆ ಕಂಬಿಯ ಯಾವ ಪಕ್ಕವನ್ನು ಒಳಗು ಎನ್ನುವುದು? ಒಬ್ಬರು ಗಟ್ಟಿಯಾಗಿ ಬೇಲಿ ಹಾಕಿದರೆ ಆನೆ ಪಕ್ಕದವರ ಪಾಲಾಗುತ್ತದೆ. ಗರ್ನಾಲು ಹೊಡೆದು ಓಡಿಸುವುದೂ ಹಾಗೇ, ಈ ಊರಿನಿಂದ ಆ ಊರಿಗೆ. ಓಡಿಸಿಕೊಂಡ ಆನೆ ಮಾತ್ರ ಸಿಟ್ಟಾಗಿರುತ್ತದೆ. ಕದ್ದು ಕರೆಂಟ್ ಎಳೆದ ತಂತಿ ಬೇಲಿಗಳಂತೂ ಆನೆಯನ್ನೂ ಕೊಲ್ಲುತ್ತವೆ, ಹುಲ್ಲಿಗೆ ಹೋದ ಅಮ್ಮನನ್ನೂ ಕೊಲ್ಲುತ್ತವೆ.

2023

ಹಿಡಿಯುವುದು ಪೂರ್ತಿ ನಿಲ್ಲಲಿಲ್ಲ. ಜನರನ್ನು ಕೊಂದ ಒಂಟಿ ಸಲಗಗಳನ್ನು ಹಿಡಿಯುವ, ಬೆಲ್ಟ್ ಹಾಕುವ, ಗಾಯಗೊಂಡದ್ದಕ್ಕೆ ಚಿಕಿತ್ಸೆ ಕೊಡುವ ಕಾರ್ಯಾಚರಣೆ ನಡೆಯುತ್ತಲೇ ಇವೆ. 2022ರ ಕೊನೆಗೆ ಹಾಸನ, ಚಿಕ್ಕಮಗಳೂರು ಸೇರಿ ಕೆಲವು ಜಿಲ್ಲೆಗಳಿಗೆ ಸರ್ಕಾರ ಆನೆ ಕಾರ್ಯಪಡೆಗಳನ್ನು ಕೊಟ್ಟಿತು. ಇವು ಕೋರ್ಟಿನ ಸಮಿತಿಯಂಥವಲ್ಲ, ಸ್ಥಳದಲ್ಲೇ ಕೆಲಸ ಮಾಡುವ ಸಿಬ್ಬಂದಿ ತಂಡಗಳು. ಮರುವರ್ಷವೇ ಎರಡು ಪೆಟ್ಟು ಬಿತ್ತು. ಆಗಸ್ಟ್ 31ರಂದು ಆಲೂರು ತಾಲ್ಲೂಕಿನಲ್ಲಿ, ಗಾಯಗೊಂಡಿದ್ದ ಭೀಮನಿಗೆ ಚಿಕಿತ್ಸೆ ಕೊಡಲು ಅರಿವಳಿಕೆ ಹೊಡೆಯಹೋದ ಅನುಭವಿ ಸಿಬ್ಬಂದಿಯನ್ನು ಆನೆ ತುಳಿದು ಸಾಯಿಸಿತು. ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಮದವೇರಿದ ಕಾಡಾನೆಯ ಜೊತೆಗಿನ ಕಾಳಗದಲ್ಲಿ ಸಾಕಾನೆ ಅರ್ಜುನ ಸತ್ತ. 2012ರಿಂದ 2019ರವರೆಗೆ ಎಂಟು ಸಲ ಮೈಸೂರು ದಸರಾದ ಚಿನ್ನದ ಅಂಬಾರಿ ಹೊತ್ತವನು. ರಾಜ್ಯವೆಲ್ಲ ಅರ್ಜುನನಿಗೆ ಅತ್ತಿತು, ಅದು ಸರಿಯೇ. ಆಗಸ್ಟಿನಲ್ಲಿ ಹೋದ ಮನುಷ್ಯನಿಗೆ ಅಷ್ಟು ಅಳಲಿಲ್ಲ ಎಂದು ನಮ್ಮ ಕಡೆ ಈಗಲೂ ಹೇಳುತ್ತಾರೆ.

ಈ ಎರಡೂ ಸಾವು ಆದದ್ದು ಆನೆಯನ್ನು ಹತ್ತಿರದಿಂದ ಮುಟ್ಟಬೇಕಾದ ಕೆಲಸದಲ್ಲಿ. ಹಾಗಾಗಿ ಯಾವುದಕ್ಕೆ ಮುಟ್ಟಬೇಕು, ಯಾವುದಕ್ಕೆ ಬೇಡ ಎಂದು ಮೊದಲೇ ತೀರ್ಮಾನ ಮಾಡಿಕೊಳ್ಳಬೇಕು. ಗುಂಪಿನ ಜಾಡು ತಿಳಿಯಲು ಒಂದು ಬೆಲ್ಟ್ ಸಾಕಾದರೆ ಅದಕ್ಕೆ ಮುಟ್ಟಿ. ಜನರನ್ನು ಮತ್ತೆ ಮತ್ತೆ ಕೊಂದ ಸಲಗ ಇದೇ ಎಂದು ಕಡತದಿಂದ ಖಚಿತವಾದರೆ ಹಿಡಿಯಿರಿ. ಧರಣಿ ಜೋರಾಯಿತು ಎಂದು ಯಾವುದೋ ಒಂದನ್ನು ಹಿಡಿದರೆ ಸಿಬ್ಬಂದಿ ಜೀವ ಒತ್ತೆ ಇಟ್ಟದ್ದು ವ್ಯರ್ಥ.

ಈಗ ಹೊಸ ಯೋಜನೆಯೊಂದು ಮೇಜಿನ ಮೇಲಿದೆ. ಚಿಕ್ಕಮಗಳೂರಿನ ಭದ್ರಾ ಅಭಯಾರಣ್ಯದ ಕಡೆ ಬೇಲಿ ಹಾಕಿದ ದೊಡ್ಡ ಜಾಗ ಮಾಡಿ, ಹಿಡಿದ ಆನೆಗಳನ್ನು ಅಲ್ಲಿ ಬಿಟ್ಟು ಒಗ್ಗಿಸುವ ಆನೆ ವಿಹಾರಧಾಮ. ಶಿಬಿರದ ಸರಪಳಿಗಿಂತ ಒಳ್ಳೆಯದೇ. ಆದರೆ ಭದ್ರಾದಲ್ಲಿ ಎಷ್ಟು ಜಾಗ ಇದೆ ಎನ್ನುವ ಪ್ರಶ್ನೆಯ ಜೊತೆಗೆ ಇಲ್ಲಿಯದನ್ನೂ ಕೇಳಬೇಕು. ಆಲೂರು, ಬೇಲೂರಿನಿಂದ ಇಷ್ಟು ಆನೆ ಹೋದ ಮೇಲೆ ಉಳಿದವು ಎಲ್ಲಿಗೆ ಸರಿಯುತ್ತವೆ? ಅದನ್ನು ನೋಡಲು ಉಳಿದ ಗುಂಪುಗಳ ಬೆಲ್ಟ್ ಚಾಲ್ತಿಯಲ್ಲಿರಬೇಕು, ಕಡತ ಬರೆಯುವವರಿಗೆ ಸಂಬಳ ತಿಂಗಳು ತಿಂಗಳು ಸಿಗಬೇಕು. 2014ರಲ್ಲಿ ಆ ಏರ್ಪಾಡು ಇರಲಿಲ್ಲ. ಈ ಸಲ ಮೊದಲ ಆನೆ ಲಾರಿ ಹತ್ತುವ ಮುಂಚೆಯೇ ಅದು ಆಗಬೇಕು, ಬೆಲ್ಟಿನ ಖರ್ಚು, ಹುಡುಗರ ಸಂಬಳ ಎರಡನ್ನೂ ವಿಹಾರಧಾಮದ ಅಂದಾಜುಪಟ್ಟಿಯಲ್ಲೇ ಸೇರಿಸಬೇಕು.